ಮಾನ್ಯ ಸಂಸದರೇ, ನಮಗೊಂದು ತಾರೀಖು ಹೇಳಿಸಿ

ನಮ್ಮ ಕ್ಷೇತ್ರದ ಮಾನ್ಯ ಲೋಕಸಭಾ ಸದಸ್ಯರಿಗೆ,

ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಎರಡು ಎಕರೆ ಅಡಿಕೆ ತೋಟ, ಕೊಟ್ಟಿಗೆಯಲ್ಲಿ ಎರಡು ಹಸು. ರಸ್ತೆ ಕೇಳಲು ಈ ಪತ್ರ ಬರೆಯುತ್ತಿಲ್ಲ. ಎಲೆಚುಕ್ಕೆ ರೋಗಕ್ಕೆ ಪರಿಹಾರ ಕೇಳಲೂ ಅಲ್ಲ. ಅವನ್ನು ಕೇಳಲು ಬೇರೆ ಜನ ಇದ್ದಾರೆ. ನನಗೆ ಬೇಕಾಗಿರುವುದು ಒಂದು ತಾರೀಖು.

2020ರ ಮೇ 16ರಂದು ಕೇಂದ್ರದ ಹಣಕಾಸು ಸಚಿವರು ಟಿವಿಯಲ್ಲಿ ಹೇಳಿದ್ದು ನಿಮಗೆ ನೆನಪಿರುತ್ತದೆ. ಲಾಕ್‌ಡೌನ್ ಕಾಲ, ಆತ್ಮನಿರ್ಭರ ಭಾರತದ ನಾಲ್ಕನೇ ಕಂತು. ಖಾಸಗಿಯವರನ್ನು ಸೇರಿಸಿಕೊಂಡು ವೈದ್ಯಕೀಯ ಐಸೊಟೋಪ್‌ಗಳಿಗಾಗಿ, ಅಂದರೆ ಸ್ಕ್ಯಾನಿಗೂ ಚಿಕಿತ್ಸೆಗೂ ಬೇಕಾದ ವಿಕಿರಣ ಸೂಸುವ ವಸ್ತುಗಳಿಗಾಗಿ, ಒಂದು ಪರಮಾಣು ರಿಯಾಕ್ಟರ್ ಕಟ್ಟುತ್ತೇವೆ, ಕ್ಯಾನ್ಸರ್ ರೋಗಿಗಳಿಗೆ ಕೈಗೆಟುಕುವ ದರದಲ್ಲಿ ಚಿಕಿತ್ಸೆ ಸಿಗುತ್ತದೆ ಎಂದಿದ್ದರು. ನಾನು ಊಟ ಮಾಡುತ್ತಾ ಕೇಳಿಸಿಕೊಂಡೆ, ಮರೆತೆ. ನಮಗೇನು ಸಂಬಂಧ ಎಂದುಕೊಂಡಿದ್ದೆ.

ಆ ರಿಯಾಕ್ಟರಿನಿಂದ ಐಸೊಟೋಪಿನ ಮೊದಲ ಪೆಟ್ಟಿಗೆ ಆಸ್ಪತ್ರೆಗೆ ಹೊರಡುವುದು ಯಾವಾಗ? ಲೋಕಸಭೆಯಲ್ಲಿ ನೀವು ಇದೊಂದು ಪ್ರಶ್ನೆ ಹಾಕಬೇಕು. ಪ್ರಶ್ನೆ ಕೇಳುವ ನಿಯಮ ನಿಮಗೆ ಗೊತ್ತೇ ಇದೆ. ಬಾಯಿಮಾತಿನ ಉತ್ತರ ಕೇಳುವ ಚುಕ್ಕೆ ಗುರುತಿನದೋ, ಬರಹದ ಉತ್ತರದ ಚುಕ್ಕೆ ಇಲ್ಲದ್ದೋ, ನಿಮಗೆ ಬಿಟ್ಟಿದ್ದು. ನಮಗೆ ಗೊತ್ತಿರುವ ಚುಕ್ಕೆ ಅಡಿಕೆ ಎಲೆಯದ್ದು ಮಾತ್ರ.

ಇನ್ನು ನನ್ನ ಕಥೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

2024ರಲ್ಲಿ ನಮ್ಮನೆಯವಳಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾಯಿತು. ಮೂಳೆಗೆ ಹರಡಿದೆಯೋ ಇಲ್ಲವೋ ನೋಡಿಕೊಂಡೇ ಮುಂದಿನ ಚಿಕಿತ್ಸೆ ಎಂದರು ಡಾಕ್ಟರ್. ಅದಕ್ಕೆ ಬೋನ್ ಸ್ಕ್ಯಾನ್ ಆಗಬೇಕು. ಘಟ್ಟದ ಕೆಳಗಿನ ಒಂದು ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ನವೆಂಬರ್ ಮೊದಲ ವಾರದ ತಾರೀಖು ಸಿಕ್ಕಿತು.

ನವೆಂಬರ್ ಎಂದರೆ ನಮ್ಮಲ್ಲಿ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕಾಲ. ಮರ ಹತ್ತಿ ಇಳಿಸುವ ಕೊನೆಗೌಡ ಸಿಗುವುದೇ ಕಷ್ಟ. ಸಿಕ್ಕವನಿಗೆ ಇನ್ನೊಂದು ದಿನ ಬಾ ಎಂದು ಹೇಳಿ ಕಳಿಸಿ, ರಾತ್ರಿ 3 ಗಂಟೆಗೆ ಬಾಡಿಗೆ ಕಾರು ಮಾಡಿಕೊಂಡು ಹೊರಟೆವು. ಆಗುಂಬೆ ಘಾಟಿಯ 14 ತಿರುವು. ಆಪರೇಷನ್ ಆಗಿ ತಿಂಗಳೂ ತುಂಬಿರಲಿಲ್ಲ. ಪ್ರತಿ ತಿರುವಿಗೂ ಅವಳು ಎಡಗೈಯನ್ನು ಎದೆಗೆ ಒತ್ತಿ ಹಿಡಿದುಕೊಳ್ಳುತ್ತಿದ್ದಳು. ನಾಲ್ಕನೇ ತಿರುವಿಗೆ ವಾಂತಿ. ಒಂಬತ್ತನೆಯದಕ್ಕೆ ಮತ್ತೆ. ತಿರುವುಗಳಿಗೆ ನಂಬರ್ ಹಾಕಿ ಇಟ್ಟಿರುವುದರಿಂದ ಇದೆಲ್ಲ ಲೆಕ್ಕ ಸಿಗುತ್ತದೆ ನೋಡಿ.

ಬೆಳಿಗ್ಗೆ ಏಳಕ್ಕೇ ಹೋಗಿ ಬೆಂಚಿನ ಮೇಲೆ ಕೂತೆವು. ಒಂಬತ್ತಕ್ಕೆ ಟೆಕ್ನೀಷಿಯನ್ ಹುಡುಗ ಬಂದು, "ಇವತ್ತು ಸ್ಕ್ಯಾನ್ ಇಲ್ಲ, ಜನರೇಟರ್ ಬಂದಿಲ್ಲ" ಎಂದ.

ನಮ್ಮನೆಯವಳು ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡಿದಳು. "ಕರೆಂಟ್ ಇದೆಯಲ್ಲಪ್ಪ, ಜನರೇಟರ್ ಯಾಕೆ?" ಎಂದು ಕೇಳಿದಳು.

ಹುಡುಗ ಒಳ್ಳೆಯವನು, ನಗಲಿಲ್ಲ. "ಆ ಜನರೇಟರ್ ಅಲ್ಲ ಅಮ್ಮ. ಸೀಸದ ಪೆಟ್ಟಿಗೆಯಲ್ಲಿ ಔಷಧಿಯ ಮೂಲ ಬರುತ್ತದೆ. ದಿನಾ ಬೆಳಿಗ್ಗೆ ಅದರಿಂದ ಹಾಲು ಕರೆದ ಹಾಗೆ ಔಷಧಿ ತೆಗೆಯುತ್ತೇವೆ. ನಾವು ಅದಕ್ಕೆ ಹಸು ಅಂತಲೇ ಹೇಳೋದು. ಯುರೋಪಿನಲ್ಲಿ ರಿಯಾಕ್ಟರ್ ನಿಂತಿದೆಯಂತೆ" ಎಂದ.

"ಹಾಗಾದರೆ ಹಸು ಬತ್ತಿದೆ ಅನ್ನು" ಎಂದಳು ಇವಳು. ಕಾರು ಹತ್ತುವವರೆಗೂ ಬೇರೆ ಮಾತಾಡಲಿಲ್ಲ.

ಎರಡನೇ ಸಲ ಹೋದಾಗ ಪೆಟ್ಟಿಗೆ ಇತ್ತು, ಆದರೆ ಹಳೆಯದು. ಅದರ ಶಕ್ತಿ ಕೆಲವೇ ಜನಕ್ಕೆ ಸಾಕು ಎಂದರು. ಆ ಕೆಲವರಲ್ಲಿ ನಾವಿರಲಿಲ್ಲ. ಬದಲಿಗೆ ಪೆಟ್ ಸ್ಕ್ಯಾನ್ ಎಂಬ ಇನ್ನೊಂದು ಬಗೆಯದ್ದು ಮಾಡಿಸಬಹುದು, ಅದರ ದರ ಎಷ್ಟೋ ಪಟ್ಟು ಜಾಸ್ತಿ. ಮೂರನೇ ಸಲ, ಡಿಸೆಂಬರಿನಲ್ಲಿ, ಆಯಿತು. ಫಲಿತಾಂಶ ಏನು ಬಂತು ಎಂದು ಇಲ್ಲಿ ಬರೆಯುವುದಿಲ್ಲ. ಅದು ನಮ್ಮ ಮನೆಯ ವಿಷಯ. ಆದರೆ ಕಾದ ಆ ವಾರಗಳು ನಮ್ಮ ಮನೆಯ ವಿಷಯ ಅಲ್ಲ, ನಿಮ್ಮದೂ ಹೌದು.

ಮನೆಗೆ ಬಂದು ಹುಡುಕಿದೆ. ಹುಡುಗ ಹೇಳಿದ್ದು ನಿಜ. 2024ರ ಅಕ್ಟೋಬರಿನಲ್ಲಿ ನೆದರ್ಲೆಂಡ್ಸ್‌ನ ಪೆಟ್ಟನ್ ಎಂಬ ಊರಿನ ರಿಯಾಕ್ಟರಿನಲ್ಲಿ ಒಂದು ಪೈಪ್ ಸೊಟ್ಟಗಾಗಿರುವುದು ಕಂಡುಬಂದು, ಅದನ್ನು ಮತ್ತೆ ಶುರು ಮಾಡುವುದನ್ನು ಮುಂದೂಡಿದ್ದರು. 1961ರ ರಿಯಾಕ್ಟರ್ ಅದು, ಹೆಚ್ಚು ಕಡಿಮೆ ನನ್ನದೇ ವಯಸ್ಸು. ಬೆಲ್ಜಿಯಂನದ್ದೂ ಆ ಕಾಲದ್ದೇ. ದಕ್ಷಿಣ ಆಫ್ರಿಕಾದ್ದು 1965ರದ್ದು. ಪೆಟ್ಟನ್‌ನಂತೆಯೇ ಐಸೊಟೋಪಿನ ದೊಡ್ಡ ಮೂಲವಾಗಿದ್ದ ಕೆನಡಾದ ಚಾಕ್ ರಿವರ್ ರಿಯಾಕ್ಟರ್ 2009ರಲ್ಲಿ ಸೋರಿ ಒಂದು ವರ್ಷಕ್ಕೂ ಜಾಸ್ತಿ ನಿಂತಿತ್ತು, 2018ರಲ್ಲಿ ಪೂರ್ತಿ ಮುಚ್ಚಿತು. ಜಗತ್ತಿನ ಹೆಚ್ಚಿನ ಆಸ್ಪತ್ರೆಗಳು ಇಂಥ ಬೆರಳೆಣಿಕೆಯ ಮುದಿ ಹಸುಗಳ ಹಾಲು ನಂಬಿಕೊಂಡಿವೆ.

ಸ್ಟಾಕ್ ಇಟ್ಟುಕೊಳ್ಳಿ ಎನ್ನುವ ಹಾಗೂ ಇಲ್ಲ. ಪೆಟ್ಟಿಗೆಯಲ್ಲಿ ಬರುವ ಮೊಲಿಬ್ಡಿನಮ್-99 ಎಂಬ ಐಸೊಟೋಪಿನ ಅರ್ಧಾಯು, ಅಂದರೆ ಅರ್ಧಕ್ಕರ್ಧ ಕರಗಿಹೋಗುವ ಸಮಯ, 66 ಗಂಟೆ. ಗಂಟೆಗೆ ಸುಮಾರು ಒಂದು ಪರ್ಸೆಂಟಿನಂತೆ ದಾರಿಯಲ್ಲೇ ಕರಗುತ್ತಾ ಬರುತ್ತದೆ. ಅದರಿಂದ ಕರೆದುಕೊಳ್ಳುವ ಔಷಧಿ ಟೆಕ್ನೀಷಿಯಂ-99ಎಂ, ಅದರ ಅರ್ಧಾಯು 6 ಗಂಟೆ ಮಾತ್ರ. ಥೇಟ್ ಹಸಿ ಅಡಿಕೆ. ಒಣಗಿದ್ದನ್ನು ರೇಟು ಬರುವವರೆಗೆ ಮೂಟೆ ಕಟ್ಟಿ ಇಡಬಹುದು. ಕೊನೆ ಇಳಿಸಿದ ಮೇಲೆ ಹಸಿಯದ್ದನ್ನು ಇಡಲಿಕ್ಕಾಗುವುದಿಲ್ಲ, ರಾತ್ರಿ ನಿದ್ದೆಗೆಟ್ಟು ಸುಲಿದು ಬೇಯಿಸಲೇಬೇಕು. ಅರ್ಧಾಯು ಎಂದು ಬೋರ್ಡಿನ ಮೇಲೆ ಬರೆದು ಮೂವತ್ತು ವರ್ಷ ಗ್ರಾಫ್ ಎಳೆದವನು ನಾನು. ಆ ಬೆಂಚಿನ ಮೇಲೆ ಕೂತಾಗಲೇ ಅದು ನನಗೆ ಸರಿಯಾಗಿ ಅರ್ಥವಾದದ್ದು.

ಇನ್ನು ಯುರೇನಿಯಂ, ಪೆಟ್ಟಿಗೆಯ ಮೂಲ ಹೆಚ್ಚಾಗಿ ತಯಾರಾಗುವುದು ಅದರಿಂದಲೇ. ಈ ಪದಕ್ಕೆ ಹೆದರಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ಯಾಕೆ ಎಂದು ಕೇಳಿ.

ಜನವರಿಯಲ್ಲಿ ಒಂದು ಸರ್ಕಾರಿ ಕಚೇರಿಗೆ ಮನವಿ ಕೊಡಲು ಹೋಗಿದ್ದೆ. ಯಾವ ಕಚೇರಿ ಎಂಬುದು ಬೇಡ. ವಿಷಯ ಎಂಬಲ್ಲಿ "ಬಾಂಬಿಗೆ ಬರುವ ಯುರೇನಿಯಂ ಬಳಸದೆ ವೈದ್ಯಕೀಯ ಐಸೊಟೋಪ್ ತಯಾರಿಸುವ ಬಗ್ಗೆ" ಎಂದು ಬರೆದಿದ್ದೆ. ಗುಮಾಸ್ತರು ಓದಿದರು. ಕನ್ನಡಕ ತೆಗೆದರು, ಒರೆಸಿ ಹಾಕಿಕೊಂಡು ಮತ್ತೆ ಓದಿದರು. "ಸಾರ್, ನೀವು ಮೇಷ್ಟ್ರು. ಬಾಂಬಿನ ಉಸಾಬರಿ ನಿಮಗ್ಯಾಕೆ? ನಾಳೆ ಪೊಲೀಸರು ಬಂದು ನನ್ನನ್ನು ಕೇಳ್ತಾರೆ" ಎಂದರು. ಬಳಸದೆ ಎಂದು ಬರೆದಿದ್ದೇನಲ್ಲ ಎಂದೆ. ಅವರಿಗೆ ಅದು ಬೇಡ. ಕೆಂಪು ಪೆನ್ನು ತೆಗೆದು ಬಾಂಬಿಗೆ ಬರುವ, ಯುರೇನಿಯಂ, ಐಸೊಟೋಪ್, ಮೂರನ್ನೂ ಕಂಡಕಂಡಲ್ಲಿ ಹೊಡೆದು ಹಾಕಿದರು. ಆಮೇಲೆಯೇ ಇನ್‌ವರ್ಡ್ ಸೀಲು. ಕೊನೆಗೆ ಉಳಿದ ವಿಷಯ: "ಬಳಸದೆ ವೈದ್ಯಕೀಯ ತಯಾರಿಸುವ ಬಗ್ಗೆ."

ಎರಡು ತಿಂಗಳ ಮೇಲೆ ಉತ್ತರ ಬಂತು. ನನ್ನ ಮನವಿಯನ್ನು ನಾಟಿ ಔಷಧಿಗೆ ಸಂಬಂಧಪಟ್ಟ ಇನ್ನೊಂದು ಕಚೇರಿಗೆ ಮುಂದಿನ ಕ್ರಮಕ್ಕಾಗಿ ಕಳಿಸಿದ್ದಾರಂತೆ. ಬೇಕಾದರೆ ಜೆರಾಕ್ಸ್ ಕಳಿಸುತ್ತೇನೆ.

ಬಾಂಬಿನ ವಿಷಯ ಎಂದು ಬಾಯಿ ಮುಚ್ಚಿಸುವ ಕಾಲ ಹೋಯಿತು ಎಂಬುದೇ ನಾನು ಆ ಮನವಿಯಲ್ಲಿ ಬರೆದದ್ದು. ಮೊಲಿಬ್ಡಿನಮ್-99 ಹೆಚ್ಚಾಗಿ ಹುಟ್ಟುವುದು ಯುರೇನಿಯಂ-235 ಒಡೆದಾಗ. ಮೊದಲೆಲ್ಲ ದೊಡ್ಡ ತಯಾರಕರು ಅದಕ್ಕೆ ಈ 235ರ ಪಾಲು 93 ಪರ್ಸೆಂಟ್ ಇರುವ, ಬಾಂಬಿಗೇ ಬರುವ ಯುರೇನಿಯಂ ಹಾಕುತ್ತಿದ್ದರು. ವರ್ಷಕ್ಕೆ 40ರಿಂದ 50 ಕಿಲೋ. ಅದರಲ್ಲಿ ಸುಮಾರು 3 ಪರ್ಸೆಂಟ್ ಖರ್ಚು, ಮಿಕ್ಕಿದ್ದೆಲ್ಲ ಕಸದ ಜೊತೆ ಹಾಗೇ. ಯಾರಾದರೂ ಕದ್ದರೆ ಗತಿ ಏನು? ಅದಕ್ಕೇ ಹಲವು ದೇಶಗಳು ಕೈ ಜೋಡಿಸಿದವು. 20 ಪರ್ಸೆಂಟಿಗಿಂತ ಕಡಿಮೆಯ ಯುರೇನಿಯಂನಲ್ಲೂ ಆಗುತ್ತದೆ ಎಂದು ಅರ್ಜೆಂಟೀನಾ 2002ರಲ್ಲೇ ಮಾಡಿ ತೋರಿಸಿತು. ಅದೇ ದೇಶದ ಕಂಪನಿ ಆಸ್ಟ್ರೇಲಿಯಾಕ್ಕೆ ರಿಯಾಕ್ಟರ್ ಕಟ್ಟಿಕೊಟ್ಟಿತು. ತಾನೇ ಬಾಂಬು ಮಾಡಿ, ತಾನೇ ಬಿಚ್ಚಿಟ್ಟ ದಕ್ಷಿಣ ಆಫ್ರಿಕಾ 2010ರಲ್ಲಿ ದೊಡ್ಡ ಪ್ರಮಾಣದಲ್ಲಿ ಶುರು ಮಾಡಿತು. ಸುಲಭವೇನಲ್ಲ. ಅಷ್ಟೇ ಫಸಲಿಗೆ ಯುರೇನಿಯಂ ಜಾಸ್ತಿ ಬೇಕು, ಕಸವೂ ಜಾಸ್ತಿ. ಆದರೂ ಬದಲಾದರು.

2012ರಲ್ಲಿ ಸಿಯೋಲ್‌ನಲ್ಲಿ ಪರಮಾಣು ಭದ್ರತೆಯ ಸಮಾವೇಶ ನಡೆಯಿತು. ನಮ್ಮ ಆಗಿನ ಪ್ರಧಾನಿಯೂ ಹೋಗಿದ್ದರು. ಅಲ್ಲಿ ಬೆಲ್ಜಿಯಂ, ಫ್ರಾನ್ಸ್, ನೆದರ್ಲೆಂಡ್ಸ್, ಅಮೆರಿಕ ನಾಲ್ಕೂ ಸೇರಿ, 2015ರ ಹೊತ್ತಿಗೆ ಕಡಿಮೆ ಪರ್ಸೆಂಟಿನದ್ದಕ್ಕೆ ಬದಲಾಗುತ್ತೇವೆ ಎಂದು ಒಟ್ಟಿಗೆ ಹೇಳಿದವು. ಗಮನಿಸಿ, ತಾರೀಖು ಹಾಕಿಕೊಂಡರು. ತಪ್ಪಿತು, ಅದು ಬೇರೆ. ಬೆಲ್ಜಿಯಂನವರು ಪೂರ್ತಿ ಮುಗಿಸಿದ್ದು 2023ರಲ್ಲಿ. ಆದರೆ ತಾರೀಖು ಇತ್ತು, ಆದ್ದರಿಂದ ತಡವಾಯಿತು ಎಂದು ಕೇಳಲಿಕ್ಕೆ ಬಂತು. ಅಮೆರಿಕ 2022ರ ಜನವರಿಯಿಂದ ಈ ಕೆಲಸಕ್ಕೆ ಬಾಂಬಿನ ಯುರೇನಿಯಂ ರಫ್ತು ಮಾಡುವುದನ್ನೇ ನಿಲ್ಲಿಸಿತು. ನಮ್ಮ 2020ರ ಘೋಷಣೆಯ ಸಾಲಿನಲ್ಲಿ ತಾರೀಖೇ ಇರಲಿಲ್ಲ. ಹಾಗಾಗಿ ನಮ್ಮದು ತಡವಾಗುವುದೂ ಇಲ್ಲ, ಅಲ್ವಾ?

ನಮ್ಮವರಿಗೆ ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಮುಂಬೈ ಟ್ರಾಂಬೆಯ ಧ್ರುವ ರಿಯಾಕ್ಟರ್ 1985ರಿಂದ ಇದೆ, ಓಡುವುದು 235ರ ಪಾಲು ಏರಿಸದ ಸಹಜ ಯುರೇನಿಯಂನಲ್ಲಿ. ಅದರೊಳಗೆ ಮೊಲಿಬ್ಡಿನಮ್ಮನ್ನೇ ಇಟ್ಟು ಐಸೊಟೋಪ್ ಮಾಡುವುದು ನಮ್ಮವರಿಗೆ ಹಳೇ ಅಭ್ಯಾಸ. ಬಾಂಬಿನ ಪ್ರಶ್ನೆಯೇ ಇಲ್ಲ. ಆದರೆ ಅದರ ಹಾಲು ನೀರು, ಔಷಧಿ ತೆಳು. ಗಟ್ಟಿ ಮಾಡಿಕೊಳ್ಳಲು ಬೇರೆ ಏರ್ಪಾಡು ಬೇಕು. 2018ರಲ್ಲಿ ಅಲ್ಲೇ ಶುರುವಾದ ಅಪ್ಸರಾ-ಯು ರಿಯಾಕ್ಟರ್ ಕೂಡ ಕಡಿಮೆ ಪರ್ಸೆಂಟಿನ ಯುರೇನಿಯಂನದ್ದೇ. ಇಲ್ಲೇ ಪಕ್ಕದ ಕೈಗಾ ಅಣುವಿದ್ಯುತ್ ಸ್ಥಾವರದ ಮೊದಲ ಘಟಕ 962 ದಿನ ನಿಲ್ಲದೆ ಓಡಿತ್ತು. ಕೆನಡಾದವರು ಅದೇ ಜಾತಿಯ ವಿದ್ಯುತ್ ರಿಯಾಕ್ಟರಿನಲ್ಲಿ ಕ್ಯಾನ್ಸರಿಗೆ ಬೇಕಾದ ಲುಟೇಷಿಯಂ-177 ಮಾಡುತ್ತಿದ್ದಾರೆ. ಇಲ್ಲಿ ಆಗುತ್ತದೋ ಇಲ್ಲವೋ ತಿಳಿದವರನ್ನು ಕೇಳಿ. ಕೇಳುವುದಕ್ಕೆ ದುಡ್ಡು ಬೀಳುವುದಿಲ್ಲ.

ನನ್ನ ತಾಯಿಯ ತವರು ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿದೆ. ಊರು ಮುಳುಗಿಸಿಕೊಂಡು ರಾಜ್ಯಕ್ಕೆಲ್ಲ ಕರೆಂಟು ಕೊಟ್ಟ ಜನ ನಾವು. ಅಂಥವರಿಗೆ "ಜನರೇಟರ್ ಬಂದಿಲ್ಲ" ಎಂದು ಕೇಳಿಸಿಕೊಳ್ಳುವ ಹಣೆಬರಹ. ಶಿವಮೊಗ್ಗ ಹತ್ತಿರದ ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣ ಇದೆ. ಗಂಟೆ ಲೆಕ್ಕದಲ್ಲಿ ಕರಗುವ ಪೆಟ್ಟಿಗೆ ಇಳಿಸಲು ಅದಕ್ಕಿಂತ ಒಳ್ಳೆ ಜಾಗ ಬೇಕೇ? ಜಿಲ್ಲೆಯ ಸರ್ಕಾರಿ ವ್ಯವಸ್ಥೆಯಲ್ಲೇ ಬಡವರಿಗೆ ಈ ಸ್ಕ್ಯಾನ್ ಆಗುವ ಹಾಗೆ ಮಾಡಿ ಎಂದೂ ಕೇಳುವ ಆಸೆ ಇದೆ. ಆದರೆ ಎಲ್ಲವನ್ನೂ ಒಟ್ಟಿಗೆ ಕೇಳಿದರೆ ಯಾವುದೂ ಸಿಗುವುದಿಲ್ಲ ಎಂಬುದು ನಮಗೆ ಅಭ್ಯಾಸ ಆಗಿದೆ. ಆದ್ದರಿಂದ ಒಂದೇ ಕೇಳುತ್ತೇನೆ. ಆ ರಿಯಾಕ್ಟರ್ ಯಾವಾಗ? ಮೊದಲ ಪೆಟ್ಟಿಗೆ ಯಾವಾಗ? ತಾರೀಖು ಹೇಳಿಸಿ.

ನಮ್ಮನೆಯವಳ ಆಸ್ಪತ್ರೆ ಕಾರ್ಡು ನನ್ನ ಮುಂದೆಯೇ ಇದೆ. ನೀಲಿ ಕಾರ್ಡು, ಮಡಚಿ ಮಡಚಿ ನಡುವೆ ಹರಿದಿದೆ, ಒಳಗಿನಿಂದ ಟೇಪ್ ಹಾಕಿದ್ದಾಳೆ. ಮೊದಲ ಎರಡು ತಾರೀಖನ್ನು ಆಸ್ಪತ್ರೆಯವರು ಹೊಡೆದು ಹಾಕಿದ್ದಾರೆ. ಅದೂ ಕೆಂಪು ಪೆನ್ನೇ. ಮತ್ತೊಂದು ಸ್ಕ್ಯಾನ್ ಆಗಬೇಕು ಎಂದಿದ್ದಾರೆ ಡಾಕ್ಟರ್. ಪೆಟ್ಟಿಗೆ ಬರುವ ದಿನ ನೋಡಿಕೊಂಡು ಫೋನ್ ಮಾಡುತ್ತಾರಂತೆ.

ಇಂತಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಮತದಾರ

ವಿ.ಸೂ.: ಉತ್ತರದಲ್ಲಿ "ಪರಿಶೀಲನೆಯಲ್ಲಿದೆ" ಎಂದು ಬರೆಸಬೇಡಿ. ಆ ಕಾಗದ ನನ್ನ ಹತ್ತಿರ ಆಗಲೇ ಒಂದಿದೆ, ನಾಟಿ ಔಷಧಿ ಕಚೇರಿಯಿಂದ ಬಂದದ್ದು.