ಮೂರನೆಯ ಬಟ್ಟಲಾಗದೆ ಏಳಬೇಡ

ಚಿ. ಸುಮಳಿಗೆ ದೊಡ್ಡಪ್ಪನ ಆಶೀರ್ವಾದಗಳು. ಉಭಯ ಕುಶಲೋಪರಿ.

ಇಥಿಯೋಪಿಯದ ಅಡಿಸ್ ಅಬಾಬದಲ್ಲಿ ಕೆಲಸ ಮುಗಿದ ಮೇಲೆ ಸಿಗುವ ನಾಲ್ಕು ದಿನಗಳಲ್ಲಿ ಲಾಲಿಬೆಲ, ಗೊಂಡರ್, ಹರಾರ್ ಮೂರನ್ನೂ ನೋಡುತ್ತೇನೆ ಎಂದು ಬರೆದಿದ್ದೀಯೆ. ಬೀದರ್, ಹಂಪಿ, ಧರ್ಮಸ್ಥಳ ಒಂದೇ ರಜೆಗೆ ಎಂದ ಹಾಗಾಯಿತು. ಹರಾರ್ ಒಂದಕ್ಕೇ ಹೋಗು. ದಿರೆ ದಾವಾದವರೆಗೆ ವಿಮಾನ, ಅಲ್ಲಿಂದ ಸುಮಾರು ಐವತ್ತು ಕಿಲೋಮೀಟರ್ ಗುಡ್ಡದ ದಾರಿ.

1972ರಲ್ಲಿ ನಾನು ಅಲ್ಲಿ ಗಣಿತದ ಮೇಷ್ಟ್ರಾಗಿದ್ದೆ. ಮೊದಲ ತಿಂಗಳೇ ಗಡಿಯಾರ ನನ್ನನ್ನು ಪೇಚಿಗೆ ಸಿಕ್ಕಿಸಿತು. ಬಸ್ಸು ಎರಡು ಗಂಟೆಗೆ ಎಂದರು. ಊಟ ಮುಗಿಸಿ ಹೋದೆ. ಅದು ಬೆಳಿಗ್ಗೆಯೇ ಹೊರಟುಹೋಗಿತ್ತು. ಅವರ ಲೆಕ್ಕ ಸೂರ್ಯೋದಯದಿಂದ; ನಮ್ಮ ಏಳು ಅವರಿಗೆ ಒಂದು. ಯಾರಾದರೂ ಹೊತ್ತು ಹೇಳಿದರೆ ಯಾವ ಲೆಕ್ಕದ್ದು ಎಂದು ಕೇಳು.

ಹರಾರಿನ ಕೋಟೆಗೋಡೆಯೊಳಗಿನ ಹಳೆಯ ಊರು ಜುಗೊಲ್. 2006ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹಳೆಯ ಬಾಗಿಲುಗಳು ಐದು, ಮಸೀದಿಗಳು ಎಂಬತ್ತೆರಡು. ತಲೆಗೊಂದು ವಸ್ತ್ರ ಇರಲಿ, ಕೇಳದೆ ಯಾರ ಫೋಟೊವನ್ನೂ ತೆಗೆಯಬೇಡ. ದರ್ಜಿಗಳ ಓಣಿಯ ಹೆಸರು ಮಕಿನಾ ಗಿರ್‌ಗಿರ್; ಹೊಲಿಗೆ ಯಂತ್ರದ ಸದ್ದೇ ಹೆಸರಾಗಿದೆ. ಫ್ರೆಂಚ್ ಕವಿ ರ‍್ಯಾಂಬೊ 1880ರ ದಶಕದಲ್ಲಿ ಈ ಊರಿನಲ್ಲಿ ಕಾಫಿ ವ್ಯಾಪಾರ ಮಾಡಿದ. ಅವನ ಹೆಸರಿನ ಮರಗೆತ್ತನೆಯ ಮನೆಯನ್ನು ಕಟ್ಟಿಸಿದವನು ನಮ್ಮ ದೇಶದ ವರ್ತಕನಂತೆ. ನೋಡಬಹುದು, ಅರ್ಧ ಗಂಟೆ ಸಾಕು.

ಉಳಿದ ಹೊತ್ತನ್ನು ಒಂದು ಮನೆಗೆ ಕೊಡು. ಅತಿಥಿಗಳನ್ನು ಉಳಿಸಿಕೊಳ್ಳುವ ಹರಾರಿ ಮನೆಗಳಿವೆ. ಗೋಡೆಯ ತುಂಬ ಬಣ್ಣದ ಹುಲ್ಲಿನ ಬುಟ್ಟಿಗಳು. ನಡುಮನೆಯಲ್ಲಿ ಎತ್ತರ ತಗ್ಗಿನ ಜಗುಲಿಗಳು, ಒಂದೊಂದೂ ಒಬ್ಬೊಬ್ಬರ ಸ್ಥಾನಕ್ಕೆ ತಕ್ಕಂತೆ. ಚಪ್ಪಲಿ ಹೊರಗೆ ಬಿಡು, ಎಲ್ಲಿ ಕೂರಲಿ ಎಂದು ಕೇಳಿ ಕೂರು. ಬಾಗಿಲ ಮೇಲೆ ಜಮಖಾನೆ ಸುತ್ತಿಟ್ಟಿದ್ದರೆ ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ ಎಂದರ್ಥ. (ನಿಮ್ಮಪ್ಪನಿಗೆ ಇದನ್ನು ಹೇಳಬೇಡ, ನಾಳೆಯೇ ಜಮಖಾನೆ ಹುಡುಕುತ್ತಾನೆ.)

ಇಥಿಯೋಪಿಯದಲ್ಲಿ ಎಲ್ಲಿಯೇ ಆಗಲಿ, ಕಾಫಿಗೆ ಕರೆದರೆ ಗಡಿಯಾರ ಬಿಚ್ಚಿಟ್ಟು ಹೋಗು. ಹಸಿ ಬೀಜವನ್ನು ನಿನ್ನೆದುರೇ ಹುರಿದು, ಹೊಗೆಯನ್ನು ನಿನ್ನ ಮೂಗಿನ ಬಳಿ ತಂದು, ಕುಟ್ಟಿ, ಜೆಬೆನಾ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸುತ್ತಾರೆ. ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಮೂರು ಸಲ ಬರುತ್ತದೆ: ಅಬೊಲ್, ತೊನಾ, ಬರಕಾ. ಕೊನೆಯದರ ಹೆಸರೇ ಆಶೀರ್ವಾದ. ನಾನು ಒಮ್ಮೆ ಪರೀಕ್ಷೆಯ ಉತ್ತರಪತ್ರಿಕೆಗಳ ನೆಪ ಹೇಳಿ ಅಬೊಲ್‌ಗೇ ಎದ್ದುಬಂದೆ. ಮನೆಯೊಡತಿ ಏನೂ ಅನ್ನಲಿಲ್ಲ, ಆದರೆ ಮತ್ತೆ ಕರೆಯಲೂ ಇಲ್ಲ. ಹರಾರಿನ ಬೀಜವನ್ನು ಸಿಪ್ಪೆಸಹಿತ ಬಿಸಿಲಿಗೆ ಹಾಕಿ ಒಣಗಿಸುತ್ತಾರೆ, ನಮ್ಮ ಚಿಕ್ಕಮಗಳೂರಿನ ತೋಟಗಳವರು ಚೆರಿ ಮಾಡುವ ಹಾಗೆಯೇ. ಕಣದ ವಾಸನೆ ನಿನಗೆ ಗುರುತು ಸಿಗುತ್ತದೆ.

ಊಟದ ಚಿಂತೆ ಬೇಡ. ಇಂಜೆರಾ ಹುಳಿ ಬರಿಸಿದ ಟೆಫ್ ಎಂಬ ಪುಟ್ಟ ಧಾನ್ಯದ ಹಿಟ್ಟಿನದು, ನಮ್ಮ ದೋಸೆಯ ದೂರದ ನೆಂಟ. ಬುಧವಾರ, ಶುಕ್ರವಾರ ಆರ್ಥೊಡಾಕ್ಸ್ ಕ್ರೈಸ್ತರಿಗೆ ಉಪವಾಸ, ಎಂದರೆ ಮಾಂಸ, ಹಾಲು ಇಲ್ಲದ ಊಟ. ಅವರ ಹೋಟೆಲುಗಳಲ್ಲಿ ಬೇಳೆ, ಸೊಪ್ಪು, ಕಡಲೆಹಿಟ್ಟಿನ ಶಿರೊ ಸಿಗುತ್ತವೆ. ‘ತ್ಸೋಮ್’ (ಉಪವಾಸ) ಎಂದು ಹೇಳಿದರೆ ಸಾಕು.

ಕತ್ತಲಾದ ಮೇಲೆ ಗೋಡೆಯ ಹೊರಗೆ ಕತ್ತೆಕಿರುಬಗಳಿಗೆ ಮಾಂಸ ತಿನ್ನಿಸುತ್ತಾರೆ, ಹೆಸರು ಹಿಡಿದು ಕರೆದು. ನಿನ್ನ ಕೈಗೂ ಮಾಂಸ ಸಿಕ್ಕಿಸಿದ ಕೋಲು ಕೊಡುತ್ತಾರೆ. ಮೊದಲ ರಾತ್ರಿ ಸುಮ್ಮನೆ ನೋಡು, ಧೈರ್ಯವಿದ್ದರೆ ಮರುದಿನ ಕೋಲು ಹಿಡಿ.

ಬರುವಾಗ ಒಂದು ಹುಲ್ಲಿನ ಬುಟ್ಟಿ ತಾ. ನಾನು ತಂದಿದ್ದರಲ್ಲಿ ನಿನ್ನ ದೊಡ್ಡಮ್ಮ ಐವತ್ತು ವರ್ಷ ಬೆಳ್ಳುಳ್ಳಿ ತುಂಬಿ, ಈಗ ಬುಡ ಕಿತ್ತುಹೋಗಿದೆ.

ಇಂತಿ,
ನಿನ್ನ ದೊಡ್ಡಪ್ಪ