ಆಫ್ ಮಾಡಿದ್ದೆ ಅಂತ ಬರೆದೆಯಲ್ಲ, ಆ ಮಾತಿಗೆ

ಕೋಲಾರ
ಚಿ. ಸಿಂಧುವಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಕ್ಷೇಮಸಮಾಚಾರವೆಲ್ಲ ನಿಮ್ಮಪ್ಪನ ಹತ್ತಿರ ಫೋನಿನಲ್ಲಿ ಮುಗಿದಿದೆ. ಅದನ್ನು ಮತ್ತೆ ಬರೆಯುವುದಿಲ್ಲ. ನಿನ್ನ ಪತ್ರ ಬಂದ ದಿನ ಸ್ಪೀಕರ್ ಸಿಕ್ಕ ಕಥೆಯನ್ನು ನಿಮ್ಮ ದೊಡ್ಡಮ್ಮನಿಗೂ ಜೋರಾಗಿ ಓದಿ ಹೇಳುತ್ತಿದ್ದೆ. ಮೂರನೇ ಹಾಳೆಗೆ ಬಂದಾಗ ಬಾಯಿ ಕಟ್ಟಿತು. "ಸ್ವಿಚ್ ಆಫ್ ಮಾಡಿ ಹತ್ತು ನಿಮಿಷ ಆಗಿತ್ತು ದೊಡ್ಡಪ್ಪ. ಹಿಂದಿನ ಜಾಲರಿ ಬಿಚ್ಚಿ ಬಟ್ಟೆಯಿಂದ ಧೂಳು ಒರೆಸೋಕೆ ಹೋದೆ. ಚಟ್ ಅಂತು, ಮೊಣಕೈವರೆಗೂ ಜುಮ್ ಅಂತು. ಒಳಗೆ ಏನಾದರೂ ಕೆಟ್ಟಿರಬಹುದಾ?" ಅಂತ ಬರೆದಿದ್ದೀಯ.

ನಿನಗೆ ಸ್ಪೀಕರಿನ ಚಿಂತೆ. ನನಗೆ ನಿನ್ನ ಕೈಯ ಚಿಂತೆ. ಆ ಕೈ ಈಗ ಹೇಗಿದೆ? ಬೆರಳು ಮರಗಟ್ಟಿದ ಹಾಗೆ ಇದೆಯಾ? ಆಮೇಲೆ ಎದೆ ಡವಡವ ಅಂದಿತ್ತಾ? ಒಂದು ಚೂರು ಹಾಗೆ ಅನ್ನಿಸಿದ್ದರೂ ಡಾಕ್ಟರ ಹತ್ತಿರ ಹೋಗಿ ಒಂದು ಇಸಿಜಿ ಮಾಡಿಸು. ಫೋನಿನಲ್ಲಿ ಹೇಳಿದರೆ ನೀನು ಹೂಂ ಹೂಂ ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಫೋಟೋ ನೋಡಿದೆ. ಅದು ಕ್ವಾಡ್ ಎಲೆಕ್ಟ್ರೋಸ್ಟಾಟಿಕ್, ಅನುಮಾನವೇ ಇಲ್ಲ. ಎತ್ತರಕ್ಕಿಂತ ಅಗಲ ಜಾಸ್ತಿ, ಮುಂದೆ ಸ್ವಲ್ಪ ಬಾಗಿದ ಲೋಹದ ಜಾಲರಿ, ಪಕ್ಕಗಳಿಗೆ ಮರದ ಪಟ್ಟಿ, ಕೆಳಗೆ ಮೂರು ಪುಟ್ಟ ಕಾಲು. ನೋಡಿದವರು ರೂಮ್ ಹೀಟರ್ ಅಂದುಕೊಳ್ಳುತ್ತಾರೆ. ಹಿಂದೆ 'ಅಕೌಸ್ಟಿಕಲ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ, ಹಂಟಿಂಗ್ಡನ್' ಅಂತ ಇದೆ ಅಂದೆಯಲ್ಲ, ಕ್ವಾಡ್ ಮಾಡುತ್ತಿದ್ದವರೇ ಅವರು. ಪೀಟರ್ ವಾಕರ್ ಅನ್ನುವವರ ಕಂಪನಿ, ಇಂಗ್ಲೆಂಡಿನಲ್ಲಿ. 1957ರಿಂದ 1985ರವರೆಗೆ ಇದನ್ನು ಮಾಡಿದರು. 1981ರಲ್ಲಿ ಅವರೇ ತಂದ 'ಇಎಸ್ಎಲ್-63' ಅನ್ನುವ ಮಾದರಿ ಬೇರೆ. ಅದು ನೆಟ್ಟಗೆ ಎತ್ತರಕ್ಕೆ ನಿಲ್ಲುತ್ತದೆ, ಒಳಗಿನ ರಚನೆಯೂ ಬೇರೆ. ಅದರ ಬಗ್ಗೆ ಯಾರಾದರೂ ಕೊಟ್ಟ ಸಲಹೆಯನ್ನು ನಿನ್ನದಕ್ಕೆ ಹಚ್ಚಬೇಡ.

ಗುಜರಿಯವನು 'ಬ್ರಿಟಿಷರ ಕಾಲದ್ದು' ಅಂತ ಹೇಳಿ ದುಡ್ಡು ಜಾಸ್ತಿ ತಗೊಂಡನಂತೆ. ಕೆಜಿಎಫ್ ಚಿನ್ನದ ಗಣಿಯನ್ನು ಸರ್ಕಾರ ವಹಿಸಿಕೊಂಡಿದ್ದೇ 1956ರಲ್ಲಿ. ಈ ಸ್ಪೀಕರ್ ಹುಟ್ಟಿದ್ದು ಅದರ ಮರುವರ್ಷ. ಹಾಗಾಗಿ ಆ ಮಾತು ಆಗದು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಬಂಗಲೆಗಳಿಂದ ಏನೇನೋ ಸಾಮಾನು ರಾಬರ್ಟ್‌ಸನ್‌ಪೇಟೆಯ ಗುಜರಿಗಳಿಗೆ ಬಂತು. ಇದೂ ಹಾಗೇ ಬಂದಿರಬೇಕು. ಇನ್ನೊಂದು ವಿಷಯ ಗಮನಿಸಿದೆಯಾ? ಒಂದರ ಜಾಲರಿ ಕಂಚಿನ ಬಣ್ಣ, ಇನ್ನೊಂದರದು ಕಪ್ಪು. ಎರಡೂ ಬೇರೆ ಬೇರೆ ಕಾಲದವು ಇರಬಹುದು, ಅಥವಾ ಯಾರೋ ಒಂದನ್ನು ಬದಲಾಯಿಸಿರಬಹುದು. ಹಿಂದಿನ ಪ್ಲೇಟಿನ ಮೇಲೆ ಎರಡರ ನಂಬರನ್ನೂ ಓದಿಕೊಂಡು ಬರೆದಿಡು. ಓದುವುದಕ್ಕೆ ಏನನ್ನೂ ಬಿಚ್ಚಬೇಕಿಲ್ಲ. ಬಿಚ್ಚಬೇಡ.

ಆ ಚಟ್ ಅಂದಿದ್ದರ ವಿಷಯ ಹೇಳುತ್ತೇನೆ. ಮಾಮೂಲಿ ಸ್ಪೀಕರಿನಲ್ಲಿ ಅಯಸ್ಕಾಂತ, ಕಾಯಿಲ್, ಕಾಗದದ ಕೋನ್ ಇರುತ್ತದೆ. ಇದರಲ್ಲಿ ಅದ್ಯಾವುದೂ ಇಲ್ಲ. ತೂತು ತೂತಿನ ಎರಡು ಹಲಗೆಗಳ ಮಧ್ಯೆ ಒಂದು ತೆಳು ಪ್ಲಾಸ್ಟಿಕ್ ಹಾಳೆ, ಅಷ್ಟೇ. ಆ ಹಾಳೆಗೆ ಯಾವಾಗಲೂ ಚಾರ್ಜ್ ಏರಿಸಿ ಇಟ್ಟಿರುತ್ತಾರೆ. ಹಾಡಿನ ವೋಲ್ಟೇಜ್ ಹಲಗೆಗಳಿಗೆ ಹೋದಾಗ ಹಾಳೆ ಅತ್ತ ಇತ್ತ ಓಲಾಡಿ ಗಾಳಿಯನ್ನು ತಳ್ಳುತ್ತದೆ. ಎರಡೂ ಪಕ್ಕದ ಬಾಸ್ ಪ್ಯಾನೆಲ್ಲಿಗೆ 6,000 ವೋಲ್ಟ್. ನಡುವಿನ ಟ್ರೆಬಲ್ ಪ್ಯಾನೆಲ್ಲಿಗೆ 1,500. ಸ್ಪೀಕರಿಗೆ ಯಾಕೆ ಮನೆಯ ಕರೆಂಟಿನ ಪ್ಲಗ್ ಅಂತ ಕೇಳಿದ್ದೆಯಲ್ಲ, ಅದಕ್ಕೇ. ಕೆಳಗಿರುವ ಇಎಚ್‌ಟಿ ಬ್ಲಾಕಿನಲ್ಲಿ, ಅಂದರೆ ಹೆಚ್ಚು ವೋಲ್ಟೇಜ್ ಹುಟ್ಟಿಸುವ ಭಾಗದಲ್ಲಿ, ಡಯೋಡು, ಚಾರ್ಜ್ ಹಿಡಿದಿಡುವ ಕಂಡೆನ್ಸರುಗಳು ಸಾಲಾಗಿ ಕೂತು ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತವೆ. ಸ್ವಿಚ್ ಆರಿಸಿದ ಕೂಡಲೇ ಅದು ಇಳಿದುಹೋಗುವುದಿಲ್ಲ. ಒಲೆ ಆರಿಸಿದ ಮೇಲೂ ಹೆಂಚು ಕಾದಿರುತ್ತದೆ, ಅಲ್ವಾ? ಹೆಂಚಾದರೆ ಹತ್ತಿರ ಹೋದಾಗ ಕೈಗೆ ಕಾವು ಗೊತ್ತಾಗುತ್ತದೆ. ಇಲ್ಲಿ ಮುಟ್ಟುವವರೆಗೂ ಗೊತ್ತಾಗುವುದಿಲ್ಲ ಮಗಳೇ.

ಇಎಚ್‌ಟಿಯಲ್ಲಿ ಹರಿಯುವ ಕರೆಂಟು ತುಂಬ ಕಡಿಮೆ, ಅದರಿಂದ ಏನೂ ಆಗಲ್ಲ ಅಂತ ಯಾರಾದರೂ ಧೈರ್ಯ ಹೇಳಬಹುದು. ಕಡಿಮೆ ಅನ್ನುವುದು ನಿಜ. ಆದರೆ ಅಲ್ಲೇ ಒಳಗೆ ಹಾಡಿನ ವೋಲ್ಟೇಜನ್ನು ಸಾವಿರಾರು ವೋಲ್ಟಿಗೆ ಏರಿಸುವ ಟ್ರಾನ್ಸ್‌ಫಾರ್ಮರ್ ಇದೆ. ಅದರ ಹಿಂದೆ ನಿನ್ನ ಆಂಪ್ಲಿಫೈಯರಿನ ಪೂರ್ತಿ ಬಲ ಇರುತ್ತದೆ. ಕರೆಂಟಿನ ಪ್ಲಗ್ ಕಿತ್ತಿದ್ದರೂ ಆಂಪ್ಲಿಫೈಯರಿನ ತಂತಿ ಸೇರಿಸಿದ್ದು ಹಾಡು ಬರುತ್ತಿದ್ದರೆ ಅಲ್ಲಿ ಕೈ ಇಟ್ಟವರನ್ನು ಅದು ಉಳಿಸುವುದಿಲ್ಲ. ಅವತ್ತು ಆ ತಂತಿ ಕಿತ್ತಿದ್ದೆಯಾ? ಪತ್ರದಲ್ಲಿ ಬರೆದಿಲ್ಲ. ಅದನ್ನೇ ಯೋಚಿಸುತ್ತಾ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮ ಕಡೆಯವರಿಗೆ ಕರೆಂಟು ಅಂದರೆ ಸಲಿಗೆ. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ತಂತಿ ಎಳೆದಿದ್ದರು. ಬೆಂಗಳೂರಿಗೆ ದೀಪ ಬಂದಿದ್ದು 1905ರಲ್ಲಿ. ನಾನು ರೇಡಿಯೋ ಅಂಗಡಿಗೆ ಸೇರಿದಾಗ ಹಿರಿಯರು ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ಆ ಹೆಮ್ಮೆಯ ಮಾತಿನ ಮಧ್ಯೆ ಶಾಕ್ ಹೊಡೆಸಿಕೊಂಡವರ ಹೆಸರು ಬರುತ್ತಿರಲಿಲ್ಲ.

ಅಂಗಡಿಯಲ್ಲಿ ನನ್ನ ಜೊತೆ ಮುಳಬಾಗಿಲು ಕಡೆಯ ಒಬ್ಬ ಹುಡುಗ ಇದ್ದ. ಕೆಲಸದಲ್ಲಿ ನನಗಿಂತ ಚುರುಕು. ಆಗ ಊರಿಗೆ ಟಿವಿ ಬಂದ ಹೊಸತು. ಒಂದು ಬ್ಲ್ಯಾಕ್ ಅಂಡ್ ವೈಟ್ ಸೆಟ್ಟಿನ ಪಿಕ್ಚರ್ ಟ್ಯೂಬ್ ತೆಗೆಯಬೇಕಿತ್ತು. ಪ್ಲಗ್ ಕಿತ್ತಿದ್ದ, ಟ್ಯೂಬಿನ ಚಾರ್ಜನ್ನು ಒಂದು ಸಲ ಅರ್ಥ್ ತಂತಿಗೆ ಇಳಿಸಿಯೂ ಇದ್ದ. ನಾನು ಕಣ್ಣಾರೆ ನೋಡಿದ್ದೇನೆ. ಆಮೇಲೆ ಚಹಾ ಕುಡಿದು ಬಂದು ಟ್ಯೂಬಿನ ಪಕ್ಕದ ರಬ್ಬರ್ ಟೋಪಿಯ ಕೆಳಗೆ ಬೆರಳು ತೂರಿಸಿದ. ನೀನು ಬರೆದಿದ್ದೀಯಲ್ಲ, ಅದೇ ಶಬ್ದ. ಅಷ್ಟರಲ್ಲಿ ಚಾರ್ಜ್ ಮತ್ತೆ ಏರಿಕೊಂಡಿತ್ತು. ಕಂಡೆನ್ಸರಿನಲ್ಲೂ ಹೀಗಾಗುತ್ತದೆ, ಟ್ಯೂಬಿನಲ್ಲೂ ಆಗುತ್ತದೆ. ಶಾಕಿನಿಂದ ಅವನಿಗೆ ಅಷ್ಟೇನೂ ಆಗಲಿಲ್ಲ. ಆದರೆ ಬೆಚ್ಚಿ ಕೈಯನ್ನು ಹಿಂದಕ್ಕೆ ಎಳೆದುಕೊಂಡ ರಭಸಕ್ಕೆ ಚಾಸಿಯ ತಗಡಿನ ಅಂಚು ಮಣಿಕಟ್ಟನ್ನು ಸೀಳಿತು. ಒಳಗಿನ ನರ ತುಂಡಾಯಿತು. ಗಾಯ ಒಣಗಿತು, ಆದರೆ ಕಿರುಬೆರಳು, ಉಂಗುರದ ಬೆರಳು ಮತ್ತೆ ನೆಟ್ಟಗಾಗಲಿಲ್ಲ. ಸೋಲ್ಡರಿಂಗ್ ಐರನ್ ಹಿಡಿಯಲು ಆಗದೆ ಊರಿಗೆ ಹೋದ. ಆಮೇಲೆ ಅವನ ಸುದ್ದಿ ಸಿಗಲಿಲ್ಲ. ಈಗಲೂ ಮುಳಬಾಗಿಲು ಬಸ್ಸು ಕಂಡರೆ ಅವನು ಏನು ಮಾಡಿಕೊಂಡಿದ್ದಾನೋ ಅನ್ನಿಸುತ್ತದೆ.

'ಆಫ್ ಮಾಡಿದ್ದೆ' ಅಂತ ನೀನು ಬರೆದ ಮಾತು ನನ್ನನ್ನು ಯಾಕೆ ಅಷ್ಟು ಕಲಕಿತು ಅಂತ ಈಗ ಗೊತ್ತಾಯಿತಾ? ಅವನೂ ಆಫ್ ಮಾಡಿದ್ದ.

ಇಷ್ಟು ಹೆದರಿಸಿ, ಅದನ್ನು ಗುಜರಿಗೇ ವಾಪಸ್ ಕೊಟ್ಟುಬಿಡು ಅನ್ನುವ ಮನಸ್ಸೂ ನನಗಿಲ್ಲ. ಊರಿಗಾಮಿನ ಒಂದು ಬಂಗಲೆಗೆ ವಾಲ್ವ್ ಆಂಪ್ಲಿಫೈಯರ್ ರಿಪೇರಿಗೆ ಹೋಗಿದ್ದೆ. ಅಲ್ಲಿ ಇಂಥದೇ ಜೋಡಿ ಇತ್ತು. ಕೆಲಸ ಮುಗಿದ ಮೇಲೆ ಯಜಮಾನರು ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆಯ ಗ್ರಾಮಫೋನ್ ತಟ್ಟೆ ಹಾಕಿ "ಕೂತ್ಕೊಳ್ಳಪ್ಪ" ಅಂದರು. ಮೀಟು ಬಿದ್ದ ಮೇಲೆ ತಂತಿಯ ನಾದ ಕರಗುತ್ತಾ ಹೋಗುತ್ತದಲ್ಲ, ಅದು ಎಲ್ಲಿ ಮುಗಿಯಿತು ಅನ್ನುವುದು ಕೇಳುತ್ತಿತ್ತು. ನಡುವೆ ಎದ್ದು ನಿಂತೆ, ತಂತಿಯ ಹೊಳಪು ಹೋಯಿತು. ಕೂತೆ, ಬಂತು. ಟ್ರೆಬಲ್ ಪಟ್ಟಿ ತುಂಬ ನೇರವಾಗಿ ಹೊಡೆಯುತ್ತದೆ, ಕಿವಿ ಅದರ ಎದುರಿಗೇ ಇರಬೇಕು. ಅವರು ಊರು ಬಿಡುವಾಗ ಕಡಿಮೆ ದುಡ್ಡಿಗೆ ಕೊಡುತ್ತೇನೆ ಅಂದರು. ನಮ್ಮದು ಆಗ ಎರಡು ಕೋಣೆಯ ಮನೆ. ಇದನ್ನು ಗೋಡೆಯಿಂದ ಮೂರಡಿಯಾದರೂ ಮುಂದೆ ಇಡಬೇಕು, ಯಾಕೆಂದರೆ ಹಿಂದಕ್ಕೂ ಅಷ್ಟೇ ಸದ್ದು ಹೋಗುತ್ತದೆ. ಮೂರಡಿ ಬಿಟ್ಟರೆ ಮಕ್ಕಳನ್ನು ಮಲಗಿಸುವುದು ಎಲ್ಲಿ? ಬೇಡ ಅಂದೆ. ಆ ಆಸೆ ಹಾಗೇ ಉಳಿದಿದೆ. ಅದಕ್ಕೇ ನಿನಗೆ ಸಿಕ್ಕಿದೆ ಅಂದಾಗ ನನಗೇ ಸಿಕ್ಕ ಹಾಗಾಯಿತು.

ನೀನು ಕೇಳಿದ ಪ್ರಶ್ನೆಗೆ ಉತ್ತರ ಹೇಳಲೇಬಾರದು ಅಂದುಕೊಂಡಿದ್ದೆ. ಹೇಳಿದರೆ ನಿನಗೆ ಹುರುಪು ಬಂದು ಮತ್ತೆ ಕೈ ಹಾಕುತ್ತೀಯ ಅಂತ. ಆದರೂ ಹೇಳುತ್ತೇನೆ. ಹತ್ತು ನಿಮಿಷ ಆದಮೇಲೂ ಶಾಕ್ ಹೊಡೆಯಿತು ಅಂದರೆ ಆ ಸ್ಪೀಕರಿನ ಇಎಚ್‌ಟಿ ಇನ್ನೂ ಜೀವಂತವಾಗಿದೆ. ಅದು ಕೆಟ್ಟ ಲಕ್ಷಣ ಏನಲ್ಲ. ಸದ್ದು ಕಡಿಮೆ ಬರುತ್ತಿದೆ ಅಂತ ನೀನು ಬರೆದಿದ್ದೀಯಲ್ಲ, ಆ ಕಪ್ಪು ಜಾಲರಿಯದರ ಬಗ್ಗೆಯೇ ನನಗೆ ಅನುಮಾನ. ಇಎಚ್‌ಟಿ ಸೋತಿರಬಹುದು, ಇಲ್ಲಾ ಹಾಳೆಯ ಮೇಲಿನ ಲೇಪ ವಯಸ್ಸಾಗಿ ಹೋಗಿರಬಹುದು. ಮೊದಲು ಆಂಪ್ಲಿಫೈಯರನ್ನೂ ಎರಡು ಸ್ಪೀಕರನ್ನೂ ಆರಿಸಿ, ಆಂಪ್ಲಿಫೈಯರಿನ ಹಿಂದೆ ಎಡಬಲದ ತಂತಿ ಅದಲುಬದಲು ಮಾಡಿ ನೋಡು. ಕಡಿಮೆ ಸದ್ದು ಇನ್ನೊಂದು ಸ್ಪೀಕರಿಗೆ ಹೋದರೆ ತಪ್ಪು ಆಂಪ್ಲಿಫೈಯರಿನದು, ಸ್ಪೀಕರಿನದಲ್ಲ. ಇದಕ್ಕೂ ಏನೂ ಬಿಚ್ಚಬೇಕಿಲ್ಲ.

ಮಲ್ಟಿಮೀಟರ್ ಇಟ್ಟು ವೋಲ್ಟೇಜ್ ನೋಡುತ್ತೇನೆ ಅಂತ ಹೊರಡಬೇಡ. ಮಾಮೂಲಿ ಮೀಟರು 1,000 ವೋಲ್ಟಿನವರೆಗೆ ಮಾತ್ರ. ಅದೂ ಅಲ್ಲದೆ ಅದು ಮುಟ್ಟಿದ ತಕ್ಷಣ ಇಎಚ್‌ಟಿ ಕುಸಿಯುತ್ತದೆ, ಸುಳ್ಳು ಲೆಕ್ಕ ತೋರಿಸುತ್ತದೆ. ನೀನು ಚಾರ್ಜ್ ಇಲ್ಲ ಅಂದುಕೊಳ್ಳುತ್ತೀಯ.

ಕತ್ತಲು ಕೋಣೆಯಲ್ಲಿ ಮೆಲ್ಲಗೆ ಹಾಡು ಹಾಕಿ, ದೂರದಿಂದಲೇ ಜಾಲರಿಯೊಳಗೆ ನೋಡು. ನೀಲಿ ಕಿಡಿ ಕಂಡರೆ, ಟಿಕ್ ಟಿಕ್ ಅಂದರೆ, ಓಝೋನಿನ ಘಾಟು ಬಂದರೆ ಗೋಡೆಯ ಪ್ಲಗ್ ಕಿತ್ತುಬಿಡು. ಧೂಳು, ತೇವ ಸೇರಿ ಹೀಗಾಗುತ್ತದೆ. ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಜೋರಾಗಿ ಹಾಕುವ ಆಸೆ ಬಿಡು. ಆಂಪ್ಲಿಫೈಯರಿನಿಂದ ಬರುವುದರಲ್ಲಿ ಇದು ತಡೆಯುವುದು 33 ವೋಲ್ಟಿನವರೆಗೆ ಮಾತ್ರ, ಅದು ದಾಟಿದರೆ ಟ್ರೆಬಲ್ ಪ್ಯಾನೆಲ್ಲಿನಲ್ಲಿ ಕಿಡಿ ಹಾರಿ ಹಾಳೆ ತೂತಾಗುತ್ತದೆ. ಕ್ವಾಡಿನವರದೇ 15 ವಾಟಿನ ವಾಲ್ವ್ ಆಂಪ್ಲಿಫೈಯರಿನಲ್ಲೇ ಆ ಕಾಲದವರು ಕೇಳುತ್ತಿದ್ದರು. ಹಾಳೆ ಹರಿದರೂ ಹೊಸ ಪ್ಯಾನೆಲ್ ಮಾಡಿಕೊಡುವವರು ಇಂಗ್ಲೆಂಡಿನಲ್ಲೂ ಜರ್ಮನಿಯಲ್ಲೂ ಇದ್ದಾರೆ. ದುಬಾರಿ. ಆದರೆ ಸಿಗುತ್ತದೆ. ನಿನಗೆ ಅಂಥ ಇನ್ನೊಂದು ಕೈ ಎಲ್ಲಿ ಸಿಗುತ್ತದೆ?

ಮುಂದೊಂದು ದಿನ ಬಿಚ್ಚುವುದು ಇದ್ದೇ ಇದೆ, ಅದು ನನಗೂ ಗೊತ್ತು. ಆಗ ಸ್ವಿಚ್ಚನ್ನು ನಂಬಬೇಡ, ಪ್ಲಗ್ ಕಿತ್ತು ಕಣ್ಣೆದುರು ಇಟ್ಟುಕೋ. ಆಂಪ್ಲಿಫೈಯರಿನ ತಂತಿಯನ್ನೂ ಕಿತ್ತುಬಿಡು. ಒಂದು ರಾತ್ರಿ ಪೂರ್ತಿ ಹಾಗೇ ಬಿಡು. ಬಳೆ, ಉಂಗುರ, ಸರ ಎಲ್ಲ ತೆಗೆದಿಡು. ಒಬ್ಬಳೇ ಇರುವಾಗ ಬೇಡ. ಚಾರ್ಜ್ ಇಳಿಸುವ ಕೋಲು ನೀನು ಮಾಡಬೇಡ, ನಾನು ಮಾಡಿಟ್ಟಿದ್ದೇನೆ. ಉದ್ದನೆಯ ಪಿವಿಸಿ ಪೈಪು, ತುದಿಯಲ್ಲಿ ಕೊಕ್ಕೆ, ಅಲ್ಲಿಂದ ಹೈ ವೋಲ್ಟೇಜ್ ರೆಸಿಸ್ಟರುಗಳ ಸಾಲು, ಕೊನೆಗೆ ಕ್ಲಿಪ್ ಇರುವ ತಂತಿ. ಮೊದಲು ಕ್ಲಿಪ್ಪನ್ನು ಚಾಸಿಯ ಅರ್ಥಿಗೆ ಹಾಕಬೇಕು, ಆಮೇಲೆ ಕೊಕ್ಕೆ ಮುಟ್ಟಿಸಬೇಕು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ. ಯಾಕೆ ಅಂತ ಮೇಲೆ ಬರೆದಿದ್ದೇನಲ್ಲ. ನನ್ನ ಕೈ ಈಗ ನಡುಗುತ್ತದೆ, ಬೆಸುಗೆ ಹಾಕಲಾರೆ. ಆದರೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನಿನ್ನ ಕೈ ಎಲ್ಲಿ ಹೋಗುತ್ತಿದೆ ಅಂತ ನೋಡಬಲ್ಲೆ. ದಸರಾ ರಜೆಯಲ್ಲಿ ಬರುತ್ತೇನೆ. ಕೋಲನ್ನು ನಾನೇ ತರುತ್ತೇನೆ. ಅಲ್ಲಿಯವರೆಗೆ ಹಿಂದಿನ ಜಾಲರಿಯನ್ನು ಸ್ಕ್ರೂ ಹಾಕಿ ಮುಚ್ಚಿಡು.

ಇನ್ನೂ ಒಂದು ಇದೆ. ಬಂಗಾರಪೇಟೆಯ ನಿನ್ನ ಆ ಬಾಡಿಗೆ ಮನೆ ಹಳೆಯದು. ಅಲ್ಲಿಯ ಸಾಕೆಟ್ಟಿನಲ್ಲಿ ಮೂರು ತೂತು ಕಂಡರೂ ಅರ್ಥ್ ತಂತಿ ಒಳಗೆ ಬಂದಿರುತ್ತದೆ ಅಂತ ಹೇಳಲಾಗದು. ಆ ಲೋಹದ ಜಾಲರಿಗೆ ಅರ್ಥ್ ಇಲ್ಲದಿದ್ದರೆ ಮುಂದಿನಿಂದ ಮುಟ್ಟುವುದೂ ಅಪಾಯವೇ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸು. ಅದರ ಖರ್ಚು ನನ್ನದು, ನಿಮ್ಮಪ್ಪನಿಗೆ ಹೇಳಬೇಕಿಲ್ಲ. ಅರ್ಥ್ ಇದೆಯೋ ಇಲ್ಲವೋ, ಅವತ್ತು ಆಂಪ್ಲಿಫೈಯರಿನ ತಂತಿ ಕಿತ್ತಿದ್ದೆಯೋ ಇಲ್ಲವೋ, ಕೈ ಹೇಗಿದೆ, ಇಷ್ಟಕ್ಕೆ ಉತ್ತರ ಬರೆದು ತಕ್ಷಣ ಹಾಕು.

ಇಂತು ನಿನ್ನ
ದೊಡ್ಡಪ್ಪ