ಮನಾಲಿಗೆ ಹೊರಟವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಹೆಚ್ಚಿನವರು ಹಿಮಾಲಯ ನೋಡುವುದು ಇದೇ ಮೊದಲು. ನಮ್ಮ ಬಳ್ಳಾರಿ 500 ಮೀಟರ್ ಎತ್ತರವೂ ಇಲ್ಲ, ಮನಾಲಿ ಸುಮಾರು 2,000. ಹಾಗಾಗಿ ಮೊದಲ ದಿನ ಸುಮ್ನೆ ಓಡಾಡಿ, ದೇವದಾರು ಮರಗಳ ನಡುವಿನ ಹಿಡಿಂಬಾ ಗುಡಿ ನೋಡಿದರೆ ಸಾಕು.

ಸೋಲಂಗ್ ಕಣಿವೆಯಲ್ಲಿ ಪ್ಯಾರಾಗ್ಲೈಡಿಂಗ್ ಇದೆ. ಹಾರುವ ಮುಂಚೆ ಪೈಲಟ್ ‘ಓಡಿ’ ಅಂದರೆ ಓಡಲೇಬೇಕು. ಭಯಕ್ಕೆ ಅರ್ಧದಲ್ಲೇ ಕೂತರೆ ಇಬ್ಬರಿಗೂ ಪೆಟ್ಟು. ಹೆಲ್ಮೆಟ್, ಬೆಲ್ಟ್ ಬಿಗಿಯಾಗಿವೆಯಾ ಅಂತ ನೀವೂ ಎಳೆದು ನೋಡಿ. ರಾಫ್ಟಿಂಗ್‌ಗೆ ಒಂದು ಜೊತೆ ಬಟ್ಟೆ ಜಾಸ್ತಿ ಇರಲಿ, ಬಿಯಾಸ್ ನದಿಯದು ಹಿಮ ಕರಗಿದ ನೀರು.

ಬೆಟ್ಟ ದಾಟುವ ದಾರಿ ರೋಹ್ಟಾಂಗ್ ಪಾಸ್ 3,978 ಮೀಟರ್ ಎತ್ತರ. ಅಲ್ಲಿ ತಲೆನೋವು, ವಾಂತಿ ಬಂದರೆ ದಯವಿಟ್ಟು ಮುಚ್ಚಿಡಬೇಡಿ. ಕೂಡಲೇ ಕೆಳಗಿಳಿಯೋಣ.

ಹೊರಡುವ ಮೊದಲು, ಭಾನುವಾರ ಬಿಸಿಲೇರುವ ಮುಂಚೆ ಬಳ್ಳಾರಿ ಕೋಟೆ ಗುಡ್ಡ ಹತ್ತಿ ಅಭ್ಯಾಸ ಮಾಡೋಣ. ಬರುವವರು ಇಲ್ಲೇ ಹೆಸರು ಹಾಕಿ.